ಬಿಸಿಲು, ಬಾಗಿಲು ಮತ್ತು ಒಂದು ತಪ್ಪೊಪ್ಪಿಗೆ

ನನ್ನ ಪ್ರೀತಿಯ ಹಳೆಯ ವಿದ್ಯಾರ್ಥಿಗಳೇ, ಬಂಧುಬಾಂಧವರೇ,

ಇದುವರೆಗೆ ಶಾಲೆಯ ನೆನಪುಗಳನ್ನೂ ಓದಿದ ಪುಸ್ತಕಗಳನ್ನೂ ಕುರಿತು ಬರೆಯುತ್ತಿದ್ದ ನಾನು ಈ ಸಲ ಕಾರು ನಿಲ್ಲಿಸುವ ಕೋಣೆಯ ಬಾಗಿಲನ್ನು ಕುರಿತು ಬರೆಯಹೊರಟಿದ್ದೇನೆ. ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. "ನಿವೃತ್ತಿಯಾದ ಮೇಲೆ ಸರ್‌ಗೆ ವಿಷಯಗಳೇ ಉಳಿದಿಲ್ಲ" ಎಂದು ನಿಮ್ಮಷ್ಟಕ್ಕೆ ಅಂದುಕೊಂಡರೂ ನನಗೆ ಬೇಸರವಿಲ್ಲ. ಆದರೆ ಈ ಬಾಗಿಲಿನಿಂದಾಗಿ ನಾನೊಂದು ತಪ್ಪು ಮಾಡಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಇತರರ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದವನು ತನ್ನ ತಪ್ಪನ್ನು ಮುಚ್ಚಿಟ್ಟುಕೊಳ್ಳುವುದು ತರವಲ್ಲವೆಂದು ಬರೆಯುತ್ತಿದ್ದೇನೆ.

ನಮ್ಮ ಕಡೆ 'ಗ್ಯಾರೇಜು' ಎಂದರೆ ಮೋಟಾರು ದುರಸ್ತಿ ಮಾಡುವ ಅಂಗಡಿ. ಮನೆಯಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ನಾವು ಹೇಳುವುದು ಕಾರ್ ಶೆಡ್ ಎಂದು. ಅದರ ಸುರುಳಿ ಬಾಗಿಲಿಗೆ ಶಟರು ಎಂದು. ನಾನು ಬಿ.ಇಡಿ. ಮುಗಿಸಿ 1986ರಲ್ಲಿ ಮುದ್ದೇಬಿಹಾಳದಲ್ಲಿ ನೌಕರಿಗೆ ಸೇರಿದಾಗ ಇಡೀ ಓಣಿಯಲ್ಲಿ ಇಂಥದೊಂದು ಬಾಗಿಲೂ ಇರಲಿಲ್ಲ. ಶಟರು ಇದ್ದದ್ದು ಬಜಾರಿನ ಅಂಗಡಿಗಳಿಗೆ ಮಾತ್ರ. ಮುಂದೆ ಬಸವನ ಬಾಗೇವಾಡಿ, ಇಂಡಿ, ಕೊನೆಗೆ ಸಿಂದಗಿ ಎಂದು ವರ್ಗಾವಣೆಯಾಗುತ್ತ ಬಂದ ಹಾಗೆಲ್ಲ ಊರುಗಳು ಬೆಳೆದವು, ಹೊಸ ಬಡಾವಣೆಗಳಾದವು. ಇಂದು ಈ ನಾಲ್ಕೂ ಊರುಗಳಲ್ಲಿ ಹೊಸ ಮನೆ ಎಂದರೆ ಒಂದು ಪಕ್ಕಕ್ಕೆ ಕಾರ್ ಶೆಡ್, ಅದಕ್ಕೊಂದು ಕಬ್ಬಿಣದ ಶಟರು ಇದ್ದೇ ಇರುತ್ತದೆ.

ನಮ್ಮ ಹಳೆಯ ಮನೆಗಳಲ್ಲಿ ಆ ಜಾಗದಲ್ಲಿ ಎತ್ತುಗಳಿರುತ್ತಿದ್ದವು. ದಪ್ಪ ಹಲಗೆಯ ದೊಡ್ಡ ಬಾಗಿಲನ್ನು ದಾಟಿದೊಡನೆ ದನಗಳ ಜಾಗ, ಅದರಾಚೆ ಮೆಟ್ಟಿಲು ಹತ್ತಿದರೆ ಪಡಸಾಲೆ. ಬಂಡಿ ಹೊರಗೆ ಬೇವಿನ ಮರದ ನೆರಳಿನಲ್ಲಿ ನಿಲ್ಲುತ್ತಿತ್ತು. ನಮ್ಮ ಅಜ್ಜ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹುಲ್ಲು ಸುಟ್ಟ ಕರಿಯನ್ನು ಔಡಲೆಣ್ಣೆಯಲ್ಲಿ ಕಲಸಿದ ಕಪ್ಪು ಮುದ್ದೆ ಅದು. ಆದರೆ ಹೊಸ ಎಣ್ಣೆ ಹಾಕುವ ಮುನ್ನ ಅಜ್ಜ ಗಾಲಿಯನ್ನು ಕಳಚಿ, ಹಳೆಯ ಎಣ್ಣೆಯನ್ನೂ ಅದಕ್ಕೆ ಅಂಟಿದ ಮಣ್ಣನ್ನೂ ಚಿಂದಿ ಬಟ್ಟೆಯಿಂದ ತಿಕ್ಕಿ ತಿಕ್ಕಿ ತೆಗೆಯುತ್ತಿದ್ದರು. ಎಣ್ಣೆ ಹಾಕಲು ಹಿಡಿಯುತ್ತಿದ್ದುದಕ್ಕಿಂತ ಹೆಚ್ಚು ಹೊತ್ತು ಈ ಒರೆಸುವಿಕೆಗೇ ಹಿಡಿಯುತ್ತಿತ್ತು. ಸುಗ್ಗಿಗೆ ಮುಂಚೆ ಈ ಕೆಲಸವಾಗಿರಬೇಕು. ಹೊರೆ ಹೇರಿದ ಮೇಲೆ ಗಾಲಿ ಕಳಚಲಾಗದು ಎಂಬುದು ಅವರ ಲೆಕ್ಕ. ನಾನು ವಿಜ್ಞಾನದ ಪದವಿ ಪಡೆದೆ, ಬಿ.ಇಡಿ. ಮಾಡಿದೆ, ಆದರೆ ಈ ಲೆಕ್ಕವನ್ನು ಮರೆತುಬಿಟ್ಟೆ.

ನಮ್ಮ ಸಿಂದಗಿಯ ಮನೆಯ ಶೆಡ್ಡು ಪಶ್ಚಿಮಕ್ಕೆ ಮುಖ ಮಾಡಿದೆ. ಮಧ್ಯಾಹ್ನ ಒಂದರಿಂದ ಸೂರ್ಯಾಸ್ತದವರೆಗೆ ಬಿಸಿಲು ನೇರವಾಗಿ ಶಟರಿಗೇ ಬೀಳುತ್ತದೆ. ಬಣ್ಣ ಕಡುಗೆಂಪು, ಮನೆಯ ಗೋಡೆಗೆ ಒಪ್ಪುತ್ತದೆಂದು ನಾನೇ ಆರಿಸಿದ್ದು. ಹಿಂದೆ ಬಾಗಿಲ ಮುಂದಿದ್ದ ಬೇವಿನ ಮರವನ್ನು ಕಾರು ತಿರುಗಿಸಲು ಅಡ್ಡಿಯಾಗುತ್ತದೆಂದು ಕಡಿಸಿದವನೂ ನಾನೇ. 2025ರ ಫೆಬ್ರವರಿಯಲ್ಲಿ ಶಟರು ಏಳುವಾಗ ಕಿರುಗುಟ್ಟತೊಡಗಿತು. ಕಾರಿನಿಂದ ತೆಗೆಸಿದ ಹಳೆಯ ಎಂಜಿನ್ ಆಯಿಲ್ ಒಂದು ಡಬ್ಬಿಯಲ್ಲಿತ್ತು. ಅದನ್ನು ಎರಡೂ ಬದಿಯ ಹಳಿಗಳಿಗೆ, ಎಂದರೆ ಶಟರಿನ ಅಂಚುಗಳು ಜಾರುವ ಆ ಉದ್ದನೆಯ ಕಬ್ಬಿಣದ ಕಾಲುವೆಗಳಿಗೆ, ಧಾರಾಳವಾಗಿ ಬಳಿದೆ. ಕಿರುಗುಟ್ಟುವುದು ನಿಂತಿತು. ಸ್ವಂತ ಕೈಯಿಂದ ದುರಸ್ತಿ ಮಾಡಿದೆನೆಂದು ಮನೆಯವರ ಮುಂದೆ ಹೇಳಿಕೊಂಡದ್ದೂ ಆಯಿತು.

ಏಪ್ರಿಲ್ ಬಂತು. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸತಲ್ಲ. ಹೊಲಗಳು ಖಾಲಿಯಾಗಿ ಎರೆಮಣ್ಣಿನ ಧೂಳು ಗಾಳಿಯಲ್ಲಿ ತೇಲುವ ಕಾಲವೂ ಅದೇ. ಒಂದು ದಿನ ಮಧ್ಯಾಹ್ನ ಎರಡು ಗಂಟೆಗೆ ಇಂಡಿಯಲ್ಲಿ ನಡೆಯಲಿದ್ದ ಬಂಧುಗಳ ಮನೆಯ ಲಗ್ನಕ್ಕೆ ಹೊರಡಲು ಸಿದ್ಧರಾದೆವು. ಸಂಜೆ ಅರಿಷಿಣ, ಮರುದಿನ ಅಕ್ಷತೆ. ಶಟರು ಒಂದು ಗೇಣು ಎದ್ದು ಸಿಕ್ಕಿಕೊಂಡಿತು. ಮಗ ಎಳೆದ, ನಾನೂ ಕೈಹಚ್ಚಿದೆ. ಹಿಡಿಕೆ ಕೈ ಸುಟ್ಟಿತು. ಒಂದು ಬಕೆಟ್ ನೀರು ಸುರಿದದ್ದರಿಂದ ಹಳಿಯೊಳಗಿನ ಧೂಳು ಕೆಸರಾಯಿತೇ ಹೊರತು ಬಾಗಿಲು ಮಿಸುಕಲಿಲ್ಲ.

ಆಗ ಶಟರು ಕೂಡಿಸಿಕೊಟ್ಟಿದ್ದ ಹುಡುಗನಿಗೆ ಫೋನು ಮಾಡಿದೆ. 'ಹುಡುಗ' ಎಂದೆ, ಅವನಿಗೆ ನಾಲ್ವತ್ತು ದಾಟಿದೆ, ಆದರೆ ಬಾಗೇವಾಡಿಯಲ್ಲಿ ನನ್ನ ಒಂಬತ್ತನೆಯ ತರಗತಿಯಲ್ಲಿ ಕುಳಿತವನು ನನಗೆ ಎಂದೂ ಹುಡುಗನೇ. ಅವನು, "ಸರ್, ಈಗ ಬಿಸಿಲು ಭಾಳ ಐತ್ರಿ. ಸಂಜಿ ಐದಕ್ಕ ಬರ್ತೀನ್ರಿ" ಎಂದ. ನಾನು, "ಐದಕ್ಕೆ ಬಂದು ಏನು ಮಾಡ್ತಿ? ನಾವು ಈಗ ಹೋಗಬೇಕು. ಈಗಲೇ ಬಾ" ಎಂದೆ. ತರಗತಿಯಲ್ಲಿ ಮಾತನಾಡುತ್ತಿದ್ದ ದನಿಯಲ್ಲೇ ಹೇಳಿದೆನೆಂದು ಈಗ ನೆನಪಾಗುತ್ತದೆ. ಅವನು ಎದುರಾಡಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಬಂದ.

ನೆರಳಿಲ್ಲದ ಬಾಗಿಲ ಮುಂದೆ ಕಬ್ಬಿಣದ ಏಣಿ ಇಟ್ಟು, ಮೇಲಿನ ಪೆಟ್ಟಿಗೆ ಬಿಚ್ಚಿ, ಮುಕ್ಕಾಲು ಗಂಟೆ ಹೆಣಗಿದ. ನಾವು ಒಳಗೆ ಫ್ಯಾನಿನ ಕೆಳಗೆ ಕುಳಿತು ಕಾಯುತ್ತಿದ್ದೆವು. ಏಣಿ ಕೊಂಚ ಸದ್ದಾಯಿತೆಂದು ಹೊರಗೆ ಬಂದು ನೋಡಿದರೆ ಅವನು ಹೇಗೋ ಕೆಳಗಿಳಿದು ಗೋಡೆಗೆ ಒರಗಿ ಕುಳಿತಿದ್ದ. ಕೈ ನಡುಗುತ್ತಿತ್ತು. ಏನಾಯಿತೆಂದು ಕೇಳಿದರೆ ಸಂಬಂಧವಿಲ್ಲದ ಉತ್ತರ ಕೊಟ್ಟ. ನಾನು ಯಾರೆಂಬುದೂ ಒಂದು ಕ್ಷಣ ಅವನಿಗೆ ತಿಳಿದಂತೆ ಕಾಣಲಿಲ್ಲ. ಒಳಗೆ ಮಲಗಿಸಿ, ಒದ್ದೆ ಬಟ್ಟೆ ಹೊದಿಸಿ, ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಸಲೈನ್ ಹಚ್ಚಿ, "ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು" ಎಂದರು. ಆಸ್ಪತ್ರೆಗೆ ಓಡಿಬಂದ ಅವನ ಹೆಂಡತಿ ನನಗೆ ಒಂದು ಮಾತೂ ಅನ್ನಲಿಲ್ಲ. "ನಮಸ್ಕಾರ್ರೀ ಸರ್" ಎಂದು ಕೈಮುಗಿದಳು. ಆ ನಮಸ್ಕಾರವನ್ನು ನಾನು ಇನ್ನೂ ಮರೆತಿಲ್ಲ.

ದೇವರ ದಯೆ, ಮರುದಿನವೇ ಅವನು ಮನೆಗೆ ಹೋದ. ಒಂದು ವಾರ ವಿಶ್ರಾಂತಿ ಪಡೆ, ಶಟರು ಹಾಗೇ ಇರಲಿ ಎಂದು ನಾನು ಹೇಳಿ ಕಳುಹಿಸಿದ್ದೆ. ಎಂಟನೆಯ ದಿನ ಬೆಳಗಿನ ಆರೂವರೆಗೆ ತಾನಾಗಿಯೇ ಬಂದ. ಆ ತಂಪಿನಲ್ಲಿ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ತಂತಿಯ ಬ್ರಷ್ಷಿನಿಂದ ಹಳಿಗಳನ್ನು ಕೆರೆದಾಗ ಒಳಗಿನಿಂದ ಎಣ್ಣೆಯೂ ಎರೆಮಣ್ಣೂ ಕೂಡಿ ಗಟ್ಟಿಯಾದ ಕಪ್ಪು ಹಿಂಡಿ ಉದುರಿತು. "ಇದಕ್ಕ ಎಣ್ಣಿ ಹಾಕಿದವರು ಯಾರ್ರಿ?" ಎಂದು ಕೇಳಿದ. "ನಾನೇ" ಎಂದೆ. ಅವನು ನಗುತ್ತ ಹೇಳಿದ: "ಕಬ್ಬಿಣ ಕಾದ್ರ ಹಿಗ್ಗತೈತಿ ಅಂತ ನೀವೇ ಕಲಿಸಿದ್ರಿ ಸರ್. ಹಿಗ್ಗಲಿ ಅಂತ ನಾವು ಹಳಿಯೊಳಗ ಜಾಗಾ ಬಿಟ್ಟಿರ್ತೀವ್ರಿ. ಆ ಜಾಗಾದಾಗ ನೀವು ಮಣ್ಣು ತುಂಬೀರಿ."

ಉಂಗುರ ಮತ್ತು ಗುಂಡಿನ ಪ್ರಯೋಗ ನಿಮಗೆಲ್ಲ ನೆನಪಿರಬೇಕು. ತಣ್ಣಗಿರುವಾಗ ಉಂಗುರದೊಳಗೆ ಸಲೀಸಾಗಿ ತೂರುವ ಲೋಹದ ಗುಂಡು ಕಾಯಿಸಿದ ಮೇಲೆ ತೂರುವುದಿಲ್ಲ. ಪ್ರತಿ ವರ್ಷ ಅದನ್ನು ತೋರಿಸಿದವನು ನಾನು. ಆ ಸಂಜೆ ಕಾಗದ ತೆಗೆದುಕೊಂಡು ಲೆಕ್ಕ ಮಾಡಿದೆ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ನಮ್ಮ ಶಟರಿನ ಅಗಲ ಹತ್ತು ಅಡಿ, ಎಂದರೆ ಸುಮಾರು 3 ಮೀಟರು. ಬೆಳಗ್ಗೆ 25 ಡಿಗ್ರಿ ಇರುವ ಪಟ್ಟಿ ಮಧ್ಯಾಹ್ನದ ಬಿಸಿಲಿಗೆ 65ಕ್ಕೆ ಏರಿದರೆ ಹಿಗ್ಗುವುದು ಹೆಚ್ಚುಕಡಿಮೆ ಒಂದೂವರೆ ಮಿಲಿಮೀಟರು. ಅಷ್ಟೇ! ಹಳಿ ಸ್ವಚ್ಛವಾಗಿದ್ದರೆ ಆ ಒಂದೂವರೆ ಮಿಲಿಮೀಟರಿಗೆ ಅಲ್ಲಿ ಬೇಕಾದಷ್ಟು ಜಾಗವಿರುತ್ತದೆ. ಹಳಿಯಲ್ಲಿ ಮಣ್ಣು ಕಟ್ಟಿದ್ದರೆ, ಇಲ್ಲವೆ ಹಳಿಯೇ ವಾಲಿದ್ದರೆ, ಬೆಳಗ್ಗೆ ಹೇಗೋ ಏಳುವ ಬಾಗಿಲು ಮಧ್ಯಾಹ್ನ ಏಳುವುದಿಲ್ಲ. ನಾವು ಬಿಸಿಲನ್ನು ಬೈಯುತ್ತೇವೆ. ಆದರೆ ತಪ್ಪು ಬಿಸಿಲಿನದಲ್ಲ, ನಾಲ್ಕು ತಿಂಗಳ ನಮ್ಮ ಅಲಕ್ಷ್ಯದ್ದು.

ಅಂದು ಅವನಿಂದ ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ. ಹಳಿಗಳಿಗೆ ಎಣ್ಣೆ, ಗ್ರೀಸು ಬಳಿಯಬಾರದು; ಬ್ರಷ್ಷಿನಿಂದ ಕೆರೆದು ಒಣ ಬಟ್ಟೆಯಿಂದ ಒರೆಸಬೇಕು. ಜಾರಿಕೆ ಬೇಕೆನಿಸಿದರೆ ಧೂಳು ಹಿಡಿಯದ ಸಿಲಿಕೋನ್ ಸ್ಪ್ರೇಯನ್ನೋ ಗ್ರಾಫೈಟ್ ಪುಡಿಯನ್ನೋ ತೆಳ್ಳಗೆ ಬಳಸಬೇಕು. ಗ್ರೀಸು ಬೇಕಾಗಿರುವುದು ಮೇಲಿನ ದಂಡದ ಬೇರಿಂಗುಗಳಿಗೆ, ಅದೂ ಹಳೆಯದನ್ನು ಒರೆಸಿದ ಮೇಲೆ. ಅಜ್ಜನ ಕೀಲೆಣ್ಣೆಯ ಪಾಠವೂ ಇದೇ ಆಗಿತ್ತಲ್ಲವೇ? ದೀಪಾವಳಿಗೊಮ್ಮೆ ಹಳೆಯ ಬಣ್ಣದ ಮೇಲೆಯೇ ಹೊಸ ಬಣ್ಣ ಬಳಿಯುವ ರೂಢಿ ನಮ್ಮಲ್ಲಿದೆ. ಆ ಬಣ್ಣ ಪಟ್ಟಿಗಳ ಸಂದುಗಳಲ್ಲಿ ಇಳಿದು ಅಂಟಿಕೊಳ್ಳುತ್ತದೆ, ಪಟ್ಟಿಗಳು ಸರಾಗವಾಗಿ ಮಡಚುವುದಿಲ್ಲ. ಹಳೆಯ ಬಣ್ಣ ಕೆರೆಸಿ, ತೆಳ್ಳಗೆ, ಅದೂ ಬಿಳಿ ಅಥವಾ ತಿಳಿ ಬಣ್ಣ ಹೊಡೆಸಿರಿ; ಕಡು ಬಣ್ಣದ ತಗಡು ಬಿಸಿಲಿಗೆ ಹೆಚ್ಚು ಕಾಯುತ್ತದೆ. ಮೇಲಿನ ಪೆಟ್ಟಿಗೆಯಲ್ಲಿ ಗುಬ್ಬಿ ಗೂಡು ಕಟ್ಟುವುದುಂಟು, ಹಳಿಯ ಬುಡದ ತಂಪಿನಲ್ಲಿ ಚೇಳು ಸೇರುವುದುಂಟು. ಕೈಹಾಕುವ ಮುನ್ನ ನೋಡಿರಿ. ಗೂಡಿನಲ್ಲಿ ಮರಿಗಳಿದ್ದರೆ ಅವು ಹಾರಿಹೋಗುವವರೆಗೆ ಕಾಯಿರಿ. ನೆಲಕ್ಕೆ ತಾಗುವ ರಬ್ಬರಿನ ಪಟ್ಟಿ ಬಿಸಿಲಿಗೆ ಬಿರಿತು ಗಟ್ಟಿಯಾಗಿದ್ದರೆ ಬದಲಾಯಿಸಿರಿ. ಮುಚ್ಚಿದ ಶೆಡ್ಡು ಒಲೆಯಂತೆ ಕಾಯುವುದರಿಂದ ಮೇಲೊಂದು ಕೆಳಗೊಂದು ಗಾಳಿಕಂಡಿ ಇರಲಿ. ಪೆಟ್ರೋಲಿನ ಡಬ್ಬಿ, ಗ್ಯಾಸ್ ಸಿಲಿಂಡರು, ಹೊಲಕ್ಕೆ ಹೊಡೆಯುವ ಔಷಧಿಯ ಬಾಟಲಿಗಳನ್ನು ಅಲ್ಲಿ ಇಡಲೇಬೇಡಿರಿ.

ಮೋಟಾರು ಜೋಡಿಸಿದ ಬಾಗಿಲುಗಳಿರುವವರಿಗೆ ಇನ್ನೆರಡು ಮಾತು. ಕೆಳಗೆ ಮಕ್ಕಳೋ ವಸ್ತುಗಳೋ ಅಡ್ಡ ಬಂದರೆ ಬಾಗಿಲನ್ನು ತಡೆಯುವ ಕಣ್ಣು ಒಂದಿರುತ್ತದಷ್ಟೆ. ಇಳಿಬಿಸಿಲು ನೇರವಾಗಿ ಅದರ ಮೇಲೆ ಬಿದ್ದರೆ ಬಾಗಿಲು ಮುಚ್ಚಲು ನಿರಾಕರಿಸಬಹುದು. ಅದನ್ನು ಕಿತ್ತುಹಾಕಬೇಡಿರಿ; ಒರೆಸಿ, ಅದಕ್ಕೊಂದು ಸಣ್ಣ ಮರೆ ಕಟ್ಟಿದರೆ ಸಾಕು. ಮೇಲಿಂದ ಮೇಲೆ ಓಡಿಸಿದರೆ ಬಿಸಿಯಾದ ಮೋಟಾರು ತಾನೇ ನಿಲ್ಲುವುದುಂಟು; ಆರಲು ಬಿಡಬೇಕು. ಕರೆಂಟು ಹೋದಾಗ ಕೈಯಿಂದ ತೆರೆಯುವ ಕ್ರಮವನ್ನು ಮನೆಯ ಎಲ್ಲರೂ ಕಲಿತಿರಬೇಕು.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ಮೇಲಿನ ಪೆಟ್ಟಿಗೆಯಲ್ಲಿರುವ ಸ್ಪ್ರಿಂಗಿಗೆ ನೀವಾಗಿ ಕೈಹಚ್ಚಬಾರದು. ನಾವು ಒಂದೇ ಕೈಯಲ್ಲಿ ಎತ್ತುವ ಬಾಗಿಲು ನಿಜದಲ್ಲಿ ಸಿಮೆಂಟಿನ ಒಂದು ಚೀಲಕ್ಕಿಂತ ಭಾರವಾದದ್ದು. ಆ ಭಾರವನ್ನೆಲ್ಲ ಹಿಡಿದಿರುವುದು ಬಿಗಿಯಾಗಿ ಸುತ್ತಿದ ಆ ಸ್ಪ್ರಿಂಗು. ಅದು ಕೈಯಲ್ಲಿ ಬಿಚ್ಚಿಕೊಂಡರೆ ಬೆರಳು ಉಳಿಯುವುದಿಲ್ಲ. ಬಾಗಿಲನ್ನು ಸೊಂಟದೆತ್ತರಕ್ಕೆ ಎತ್ತಿದಾಗ ಅದು ಹೆಚ್ಚುಕಡಿಮೆ ಅಲ್ಲೇ ನಿಲ್ಲಬೇಕು. ತಾನಾಗಿ ಜಾರಿ ಕೆಳಗೆ ಬರುತ್ತಿದ್ದರೆ ಸ್ಪ್ರಿಂಗು ಸೋತಿದೆ ಎಂದರ್ಥ. ಅಂಥ ಬಾಗಿಲ ಕೆಳಗೆ ಮೊಮ್ಮಕ್ಕಳನ್ನು ಓಡಾಡಗೊಡದೆ ಕಸುಬು ಬಲ್ಲವರನ್ನು ಕರೆಯಿರಿ.

ಇನ್ನು ನಾನು ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ಕರೆಯಿರಿ ಎಂದೆ, ಯಾವಾಗ ಕರೆಯಬೇಕು?

ನಮ್ಮ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ, ಹಾಗೆಯೇ ಕಲಬುರಗಿ ವಿಭಾಗದಲ್ಲಿ, ಬೇಸಿಗೆ ಬಂತೆಂದರೆ ಸರಕಾರಿ ಕಚೇರಿಗಳ ವೇಳೆಯನ್ನು ಬದಲಿಸುವ ರೂಢಿ ಬಹುಕಾಲದಿಂದ ಇದೆ. 2025ರಲ್ಲೂ ಏಪ್ರಿಲ್ ಮತ್ತು ಮೇ ತಿಂಗಳುಗಳಿಗೆ ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಎಂದು ಆದೇಶವಾಗಿತ್ತು. ಬಹಳ ಒಳ್ಳೆಯ ಪದ್ಧತಿ ಅದು. ಸರಕಾರಿ ನೌಕರನಾಗಿದ್ದ ನಾನೂ ಬೇಸಿಗೆಯಲ್ಲಿ ಶಾಲೆ ಮುಂಜಾನೆಗೆ ಬದಲಾದ ಸುಖವನ್ನು ಉಂಡವನೇ. ಫ್ಯಾನಿನ ಕೆಳಗೆ, ಛಾವಣಿಯ ನೆರಳಿನಲ್ಲಿ ಕೂತು ಕಡತ ನೋಡುವವರಿಗೂ ಮಧ್ಯಾಹ್ನದ ಬಿಸಿಲು ತಡೆಯಲಾಗದೆಂದು ನಾವೆಲ್ಲ ಒಪ್ಪಿಕೊಂಡಿದ್ದೇವೆ. ನಾನು ಆ ಹುಡುಗನಿಗೆ ಫೋನು ಮಾಡಿದಾಗ ಎರಡು ಗಂಟೆ ದಾಟಿತ್ತು. ಕಚೇರಿಗಳೆಲ್ಲ ಬಾಗಿಲು ಹಾಕಿದ್ದ ಆ ಹೊತ್ತಿನಲ್ಲಿ, ಕಾದ ಕಬ್ಬಿಣದ ಮುಂದೆ ಕಾದ ಕಬ್ಬಿಣದ ಏಣಿ ಹತ್ತು ಎಂದು ನಾನು ಅವನಿಗೆ ಹೇಳಿದೆ. ಹಾಗೆ ಹೇಳುವಾಗ ನನ್ನ ಮನಸ್ಸಿಗೆ ಏನೂ ಅನ್ನಿಸಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ.

"ಅವನ ಕಸುಬೇ ಅದು, ದುಡ್ಡು ಕೊಡುತ್ತೇವಲ್ಲ" ಎಂದು ನನ್ನ ಬಂಧುವೊಬ್ಬರು ವಾದಿಸಿದರು. ದುಡ್ಡು ಕೊಡುತ್ತೇವೆ, ನಿಜ. ಬಾಗಿಲು ಏಳಿಸುವುದಕ್ಕೆ ಕೊಡುತ್ತೇವೆ, ಜೀವಕ್ಕೆ ಕೊಡುವುದಿಲ್ಲ. "ನೀವು ಕರೆಯದಿದ್ದರೆ ಅವನು ಇನ್ನೊಬ್ಬರ ಮನೆಗೆ ಹೋಗುತ್ತಿದ್ದ" ಎಂದೂ ಅವರು ಹೇಳಿದರು. ಇರಬಹುದು. ಏಪ್ರಿಲ್-ಮೇ ತಿಂಗಳಲ್ಲಿ ಅವನಿಗೆ ದಿನಕ್ಕೆ ಏಳೆಂಟು ಕರೆಗಳು ಬರುತ್ತವಂತೆ, ಅವುಗಳಲ್ಲಿ ಹೆಚ್ಚಿನವು ಮಧ್ಯಾಹ್ನವೇ. ಶಟರು ಸಿಕ್ಕಿಬೀಳುವ ಹೊತ್ತೇ ಅದು ತಾನೆ. ಆದರೆ ಡಿಸೆಂಬರ್, ಜನವರಿಯಲ್ಲಿ ಕೆಲಸವಿಲ್ಲದೆ ಕೂತಿರುತ್ತಾನೆ. ಅರ್ಧ ಗಂಟೆಯ ಅದೇ ಕೆಲಸವನ್ನು ನಾವು ಸಂಕ್ರಾಂತಿಗೂ ಶಿವರಾತ್ರಿಗೂ ನಡುವೆ ಮಾಡಿಸಿದರೆ ಅವನಿಗೆ ತಂಪು ಕಾಲದಲ್ಲಿ ಗಳಿಕೆಯಾಗುತ್ತದೆ, ನಮಗೆ ಬೇಸಿಗೆಯಲ್ಲಿ ಬಾಗಿಲು ಏಳುತ್ತದೆ. ನೀವು ಹತ್ತು ಮನೆಗಳವರು ಹೀಗೆ ಮಾಡಿದರೆ ಹತ್ತು ಮಧ್ಯಾಹ್ನಗಳಲ್ಲಿ ಒಬ್ಬ ಮನುಷ್ಯ ನೆರಳಿನಲ್ಲಿರುತ್ತಾನೆ.

"ನಿಜವಾಗಿ ತುರ್ತಿದ್ದರೆ?" ಎಂದು ನೀವು ಕೇಳಬಹುದು. ತುರ್ತಿನ ಉಪಾಯವನ್ನೂ ಮುಂಚೆಯೇ ಮಾಡಿಟ್ಟುಕೊಳ್ಳಬೇಕು. ಮನೆಯಲ್ಲಿ ಕಾಯಿಲೆಯವರೋ ಬಸುರಿಯರೋ ಇದ್ದರೆ ಬೇಸಿಗೆಯಲ್ಲಿ ಕಾರನ್ನು ಹೊರಗೆ ಮರದ ಕೆಳಗೆ ನಿಲ್ಲಿಸಿರಿ. ಶೆಡ್ಡಿಗೆ ಪಕ್ಕದಲ್ಲೊಂದು ಸಣ್ಣ ಬಾಗಿಲಿರಲಿ. ಆಟೋದವರ ನಂಬರು ಗೋಡೆಯ ಮೇಲಿರಲಿ. ನನ್ನದು ತುರ್ತಾಗಿರಲೂ ಇಲ್ಲ, ಅದು ಲಗ್ನ. ಬಾಡಿಗೆಯ ಜೀಪು ಹಿಡಿದು ಹೋಗಬಹುದಿತ್ತು, ಬಸ್ಸೂ ಇತ್ತು.

ಬಿಸಿಲಿನಲ್ಲಿ ದುಡಿಯುವವರು ತಲೆಸುತ್ತು, ತಲೆನೋವು, ಓಕರಿಕೆ, ಸ್ನಾಯು ಸೆಳೆತ ಎಂದರೆ ಕೂಡಲೇ ನೆರಳಿಗೆ ಕರೆತಂದು, ಉಪ್ಪು-ಸಕ್ಕರೆ ಹಾಕಿದ ನಿಂಬೆಹಣ್ಣಿನ ಪಾನಕವನ್ನೋ ಓ.ಆರ್.ಎಸ್. ನೀರನ್ನೋ ಕೊಡಿರಿ. ಇಂಡಿಯ ನಿಂಬೆಹಣ್ಣಿಗೆ ನಮ್ಮಲ್ಲೇನೂ ಬರವಿಲ್ಲ. ಮಾತು ತೊದಲಿದರೆ, ಗೊಂದಲವಾದರೆ, ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕಬಾರದು. ಮೈಗೆ ನೀರು ಹಾಕಿ ಗಾಳಿ ಬೀಸುತ್ತ 108ಕ್ಕೆ ಫೋನು ಮಾಡಬೇಕು. ಇದನ್ನು ನಾನು ಆಸ್ಪತ್ರೆಯ ವರಾಂಡದಲ್ಲಿ ಕುಳಿತು ಕಲಿತೆ. ನೀವು ಮನೆಯಲ್ಲೇ ಕುಳಿತು ಕಲಿಯಿರಿ ಎಂಬುದೇ ಈ ಬರಹದ ಆಸೆ.

ಈಗ ನಮ್ಮ ಶಟರಿನ ಬಣ್ಣ ಬಿಳಿ. ಮಕರ ಸಂಕ್ರಾಂತಿಯ ಮರುವಾರ ಅವನು ಬಂದು ಎಲ್ಲ ನೋಡಿ ಹೋಗಬೇಕೆಂದು ನಮ್ಮಿಬ್ಬರ ಒಪ್ಪಂದ. ಈ ಸಲ ಬಂದು ಹೋಗಿಯೂ ಆಯಿತು. ಅವನಿಗೆ ಎಳ್ಳುಬೆಲ್ಲ ಕೊಟ್ಟು, ಅವನು ಹೇಳಿದ ಮಜೂರಿಯನ್ನು ಚೌಕಾಶಿ ಮಾಡದೆ ಕೊಟ್ಟೆ. ಕಡಿಸಿದ ಬೇವಿನ ಜಾಗದಿಂದ ನಾಲ್ಕು ಮಾರು ಆಚೆ, ಕಾರು ತಿರುಗಲು ಅಡ್ಡಿಯಾಗದಂತೆ, ಇನ್ನೊಂದು ಬೇವಿನ ಸಸಿ ನೆಟ್ಟಿದ್ದೇನೆ. ಅದು ಬಾಗಿಲಿಗೆ ನೆರಳಾಗುವಷ್ಟು ಬೆಳೆಯುವುದನ್ನು ನಾನು ನೋಡುತ್ತೇನೋ ಇಲ್ಲವೋ, ಮೊಮ್ಮಕ್ಕಳಂತೂ ನೋಡುತ್ತಾರೆ.

ನಿಮ್ಮ ನಿಮ್ಮ ಊರುಗಳಲ್ಲಿ ನೀವೂ ಮನೆ ಕಟ್ಟಿದ್ದೀರಿ, ಕಟ್ಟುತ್ತಿದ್ದೀರಿ. ಬಾಗಿಲನ್ನು ಪಶ್ಚಿಮಕ್ಕೆ ಇಡಿಸುವ ಮುನ್ನ ಒಮ್ಮೆ ಯೋಚಿಸಿರಿ. ಇಟ್ಟಾಗಿದ್ದರೆ ಬಿಸಿಲೇರುವ ಮುನ್ನವೇ ಅದರ ಹಳಿಗಳನ್ನು ಒರೆಸಿರಿ. ಎಂದಾದರೂ ಮಧ್ಯಾಹ್ನ ಎರಡು ಗಂಟೆಗೆ ಅದು ಸಿಕ್ಕಿಬಿದ್ದರೆ, ಫೋನು ಮಾಡಿ "ಸಂಜೆ ತಂಪಾದ ಮೇಲೆ ಬಾರಪ್ಪ" ಎನ್ನಿರಿ. ನಾನು ಹೇಳದೆ ಉಳಿದ ಮಾತು ಅದು.